ಕ್ಷೀರಶುದ್ಧಿಯ ಚೀಟಿ, ಕೆಚ್ಚಲಿನ ವ್ಯಥೆ

ಅಭಿಷೇಕಕ್ಕೆ ‘ಎ2’ ಹಾಲೇ ಆಗಬೇಕೆಂದು ಕೆಲವು ಶ್ರಾವಕರು ಬಸದಿಗಳ ಆಡಳಿತ ಮಂಡಳಿಗಳನ್ನು ಒತ್ತಾಯಿಸುವುದುಂಟು. ಇದು ಶುದ್ಧಿಯಲ್ಲ, ಶುದ್ಧಿಯ ಚೀಟಿ ಮಾತ್ರವೆಂದು ಸಾಧರ್ಮಿ ಬಂಧುಗಳಿಗೆ ಸ್ಪಷ್ಟವಾಗಿ ಹೇಳಬೇಕಾಗಿದೆ.

ಎ2 ಎಂಬುದೇನು? ಹಾಲಿನ ಬೀಟಾ-ಕೇಸೀನ್ ಎಂಬ ಪ್ರೋಟೀನಿನ 67ನೆಯ ಸ್ಥಾನದಲ್ಲಿ ಪ್ರೋಲಿನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1. ಒಂದು ವಂಶವಾಹಿಯಲ್ಲಿ ಒಂದೇ ಅಕ್ಷರದ ವ್ಯತ್ಯಾಸವಷ್ಟೆ. ನಮ್ಮ ನಾಡತಳಿಗಳಲ್ಲಿ ಎ2 ರೂಪವೇ ಅಧಿಕ. ಎ1 ಹಾಲು ರೋಗಕಾರಕವೆಂಬ ವಾದವನ್ನು ಪರಿಶೀಲಿಸಿದ ಐರೋಪ್ಯ ಆಹಾರ ಸುರಕ್ಷಾ ಪ್ರಾಧಿಕಾರವು 2009ರಲ್ಲಿ, ಕಾರ್ಯಕಾರಣ ಸಂಬಂಧವು ಸಿದ್ಧವಾಗಿಲ್ಲವೆಂದಿತು. ಭಾರತದ ಪ್ರಾಧಿಕಾರವು 2024ರ ಆಗಸ್ಟಿನಲ್ಲಿ ಇಂತಹ ಚೀಟಿಗಳನ್ನು ತೆಗೆಯಲು ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು.

ಆದರೆ ನನ್ನ ಆಕ್ಷೇಪವು ಆರೋಗ್ಯದ ಕುರಿತಲ್ಲ, ಅಹಿಂಸೆಯ ಕುರಿತು. ಆ ಒಂದಕ್ಷರವು ಹಸುವಿನ ಬಾಳನ್ನು ಕುರಿತು ಏನನ್ನೂ ಹೇಳದು. ಕೆಚ್ಚಲುಬಾವಿನಿಂದ ನರಳುತ್ತ, ಕರುವಿನ ಬಾಯಿ ತಾಗಿದರೂ ಒದೆಯುವ ಹಸುವಿನ ಹಾಲೂ ಎ2 ಆಗಿರಬಹುದು. ಹೆಚ್ಚು ಹಾಲಿಗಾಗಿಯೇ ತಳಿಯನ್ನು ಆಯ್ದಂತೆಲ್ಲ ಈ ರೋಗದ ಸಂಭವವೂ ಹೆಚ್ಚುವುದೆಂದು ತಳಿಶಾಸ್ತ್ರವು ತೋರಿಸಿದೆ. ಅತಿಭಾರಾರೋಪಣವು ಅಹಿಂಸಾಣುವ್ರತದ ಅತಿಚಾರವಷ್ಟೆ? ಅದು ನೊಗದಲ್ಲಿ ಮಾತ್ರವಲ್ಲ, ಕೆಚ್ಚಲಿನಲ್ಲಿಯೂ ಸಂಭವಿಸುತ್ತದೆ. ಜಮೆಯನ್ನಷ್ಟೇ ಓದಿ ಖರ್ಚಿನ ಪುಟವನ್ನು ಮಡಚಿಡುವುದು ವ್ಯಾಪಾರವೂ ಅಲ್ಲ, ಧರ್ಮವೂ ಅಲ್ಲ.

ವಂಶವಾಹಿಯ ಪರೀಕ್ಷೆಯೇ ಪಾಪವೆನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಕೆಲವು ರೋಮಗಳಿಂದ ನಡೆಸಬಹುದಾದ ಪರೀಕ್ಷೆಯಲ್ಲಿ ಹಿಂಸೆಯೆಲ್ಲಿ? ಪ್ರಶ್ನೆ ಉದ್ದೇಶದ್ದು. ನಾರ್ವೆ ದೇಶವು 1978ರಲ್ಲಿಯೇ ಹೋರಿಗಳ ಆಯ್ಕೆಯಲ್ಲಿ ಕೆಚ್ಚಲುಬಾವಿನ ನಿರೋಧಶಕ್ತಿಯನ್ನೂ ಪರಿಗಣಿಸತೊಡಗಿತು. ಇಂತಹ ಉದ್ದೇಶಕ್ಕೆ ವಂಶವಾಹಿಯ ಗುರುತುಗಳು ಬಳಕೆಯಾದರೆ ಸ್ವಾಗತವೇ. ಆದರೂ ಈ ಗುಣವು ಅನೇಕ ವಂಶವಾಹಿಗಳಲ್ಲಿ ಹಂಚಿಹೋಗಿದೆ. ವಂಶದಿಂದ ಬರುವ ಪಾಲು ಅಲ್ಪ. ಒಣಗಿದ ನೆಲ, ತೊಳೆದ ಕೈ, ಹದವರಿತು ಕರೆಯುವ ಕ್ರಮ — ಇವುಗಳಿಗೆ ಯಾವ ಗುರುತೂ ಬದಲಿಯಾಗದು.

ಆದುದರಿಂದ ನಮ್ಮ ಟ್ರಸ್ಟುಗಳು ಹಾಲು ಪೂರೈಸುವವರನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ. ಕೆಚ್ಚಲುಬಾವಿಗೆ ಸಕಾಲದಲ್ಲಿ ಚಿಕಿತ್ಸೆಯುಂಟೇ? ಕರುವಿಗೆ ಅದರ ಪಾಲನ್ನು ಬಿಡುವಿರಾ? ಗಂಡುಕರುವಿನ ಗತಿಯೇನು? ಹಾಲು ಬತ್ತಿದ ಹಸು ಎಲ್ಲಿಗೆ ಹೋಗುವುದು? ಇವುಗಳಿಗೆ ಉತ್ತರ ದೊರೆಯದಿದ್ದಲ್ಲಿ ಜಿನಬಿಂಬಕ್ಕೆ ಜಲಾಭಿಷೇಕವೇ ಸಾಕು. ವೀತರಾಗನಿಗೆ ಹಾಲಿನ ಅಪೇಕ್ಷೆಯಿಲ್ಲ. ಚೀಟಿಗಾಗಿ ತೆರುವ ಹೆಚ್ಚಿನ ಹಣವು ಗೋಶಾಲೆಯ ಮುದಿಹಸುಗಳ ಮೇವಿಗೆ ಸಲ್ಲಲಿ.