ಮಂಗಳನ ಹಾದಿಗೆ ಹಳೆಯ ಗಣಕ

ಹೊಳೆಹೊನ್ನೂರಿನ ನಮ್ಮ ನೆರೆಮನೆಯ ಹೈಸ್ಕೂಲು ಹುಡುಗನೊಬ್ಬ ಈಚೆಗೆ ನಮ್ಮಲ್ಲಿಗೆ ಬಂದು, ತುಸು ಬೇಸರದಿಂದಲೇ ಕೇಳಿದನು: "ಅಣ್ಣನ ಮೊಬೈಲಿಗಿಂತ ಎಷ್ಟೋ ನಿಧಾನವಾದ ಗಣಕವನ್ನು ನಮ್ಮವರು ಮಂಗಳ ಗ್ರಹಕ್ಕೆ ಕಳುಹಿಸಿದ್ದರಂತೆ. ಹೊಸದನ್ನು ಕೊಳ್ಳಲು ಹಣವಿರಲಿಲ್ಲವೇ?" ಪ್ರಶ್ನೆ ಚಿಕ್ಕದು, ಅದರ ಹಿಂದಿದ್ದ ನಾಚಿಕೆ ದೊಡ್ಡದು. ಅವನಿಗೆ ನಾವು ಹೇಳಿದ್ದನ್ನೇ ಓದುಗ ಬಂಧುಗಳ ಮುಂದೆಯೂ ಇಡುತ್ತಿದ್ದೇವೆ.

ಇದು ಬಡತನದ ಮಾತಲ್ಲ. ೨೦೨೧ರ ಫೆಬ್ರವರಿಯಲ್ಲಿ ಮಂಗಳದ ಮೇಲಿಳಿದ ಅಮೆರಿಕದ ಪರ್ಸಿವಿಯರೆನ್ಸ್ ವಾಹನದ ಪ್ರೊಸೆಸರ್ ಕೂಡ ೧೯೯೦ರ ದಶಕದ ಕೊನೆಯಲ್ಲಿ ಮನೆಯ ಕಂಪ್ಯೂಟರುಗಳಲ್ಲಿದ್ದ ಚಿಪ್‌ನ ಗಟ್ಟಿಗೊಳಿಸಿದ ರೂಪವೇ ಆಗಿದೆ.

ಭೂಮಿಯ ಮೇಲೆ ನಮಗೆ ವಾಯುಮಂಡಲದ ಹೊದಿಕೆಯಿದೆ, ಕಾಂತಕ್ಷೇತ್ರದ ಕಾವಲಿದೆ. ಅವುಗಳ ಆಚೆಗೆ ಸೂರ್ಯನಿಂದಲೂ ದೂರದ ನಕ್ಷತ್ರಲೋಕದಿಂದಲೂ ಹೊರಟ ವಿದ್ಯುತ್ಕಣಗಳು ಎಡೆಬಿಡದೆ ಹಾಯುತ್ತಿರುತ್ತವೆ. ಅಂಥ ಒಂದು ಕಣ ಚಿಪ್‌ನೊಳಗೆ ನುಸುಳಿದರೆ ನೆನಪಿನಲ್ಲಿದ್ದ ಸೊನ್ನೆ ಒಂದಾಗಬಹುದು, ಒಂದು ಸೊನ್ನೆಯಾಗಬಹುದು. ಸಣ್ಣಕ್ಷರದಲ್ಲಿ ಒತ್ತೊತ್ತಾಗಿ ಬರೆದ ಕಾಗದದ ಮೇಲೆ ಒಂದು ಹನಿ ಬಿದ್ದರೆ ಇಡೀ ಪದವೇ ಅಳಿಸಿಹೋಗುತ್ತದೆ. ದಪ್ಪಕ್ಷರವಾದರೆ ಓದಲು ಬರುತ್ತದೆ. ಹಳೆಯ ಚಿಪ್‌ಗಳು ದಪ್ಪಕ್ಷರದ ಬರಹವಿದ್ದಂತೆ. ಆದರೆ ದಪ್ಪವಿದ್ದರಷ್ಟೇ ಸಾಲದು. ವಿಕಿರಣವನ್ನು ತಾಳುವಂತೆ ಅವನ್ನು ಪ್ರತ್ಯೇಕವಾಗಿ ತಯಾರಿಸಿ, ವರ್ಷಗಟ್ಟಲೆ ಪರೀಕ್ಷಿಸಬೇಕು. ಅಷ್ಟರಲ್ಲಿ ಪೇಟೆಯ ಚಿಪ್‌ಗಳು ಹಲವು ತಲೆಮಾರು ಮುಂದೆ ಸಾಗಿರುತ್ತವೆ.

ಈ ಎಚ್ಚರ ತಪ್ಪಿದರೇನಾಗುತ್ತದೆ? ೨೦೧೧ರ ನವೆಂಬರಿನಲ್ಲಿ ಹಾರಿದ ರಷ್ಯದ ಫೋಬೋಸ್-ಗ್ರುಂಟ್ ನೌಕೆ ಭೂಕಕ್ಷೆಯನ್ನೇ ದಾಟಲಾರದೆ ೨೦೧೨ರ ಜನವರಿಯಲ್ಲಿ ಕೆಳಗೆ ಬಿದ್ದಿತು. ಬಾಹ್ಯಾಕಾಶಕ್ಕೆ ತಕ್ಕುದಲ್ಲದ ಚಿಪ್‌ಗಳ ಮೇಲೆ ಕಣಗಳ ಆಘಾತವಾದದ್ದೇ ಕಾರಣವೆಂದು ತನಿಖಾ ಸಮಿತಿ ವರದಿಯಿತ್ತಿತು.

ಇನ್ನು ನಮ್ಮ ಮಂಗಳಯಾನ. ೨೦೧೪ರ ಸೆಪ್ಟೆಂಬರ್ ೨೪ರ ಮುಂಜಾನೆ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು ಕಾಯುವುದನ್ನುಳಿದು ಬೇರೇನನ್ನೂ ಮಾಡಲಾರರಾಗಿದ್ದರು. ಸಂಕೇತವೊಂದು ಅಲ್ಲಿಂದ ಬ್ಯಾಲಾಳಿನ ಆಂಟೆನಾಕ್ಕೆ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕು. ಸುಮಾರು ಹತ್ತು ತಿಂಗಳು ಮಲಗಿದ್ದ ಎಂಜಿನ್ನು ೨೪ ನಿಮಿಷ ಉರಿಯಬೇಕಿತ್ತು. ನಡುವೆ ನೌಕೆ ಗ್ರಹದ ಮರೆಗೂ ಸರಿಯಿತು. ಮೊದಲೇ ತುಂಬಿಟ್ಟ ಆಜ್ಞೆಗಳನ್ನು ನಂಬಿ ನಡೆಯಬೇಕಾದ ಆ ಗಳಿಗೆಯಲ್ಲಿ ಒಂದು ಅಂಕೆ ತಪ್ಪಿದರೂ ತಿದ್ದುವವರಿರಲಿಲ್ಲ. ನೌಕೆಯ ಚಲನೆಯನ್ನು ನಡೆಸುತ್ತಿದ್ದುದು ೧೬ ಬಿಟ್‌ನ ಹಳೆಯ ಮಾದರಿಯ ಪ್ರೊಸೆಸರ್. ಅದು ಕೈಕೊಡಲಿಲ್ಲ. ಆರು ತಿಂಗಳಿಗೆಂದು ಕಟ್ಟಿದ ನೌಕೆ ೨೦೨೨ರವರೆಗೂ ಬಾಳಿತು.

ಹೊಸದನ್ನು ದೂರವಿಡಬೇಕೆಂಬುದು ಇದರ ಅರ್ಥವಲ್ಲ. ಪರ್ಸಿವಿಯರೆನ್ಸಿನೊಡನೆ ಹೋದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರು ಮೊಬೈಲಿನ ಚಿಪ್ಪನ್ನೇ ಹೊತ್ತು ೨೦೨೪ರ ಜನವರಿಯವರೆಗೆ ೭೨ ಬಾರಿ ಹಾರಿತು. ಅದು ಪ್ರಯೋಗ; ಸೋತರೂ ಮುಖ್ಯ ಕಾರ್ಯ ಕೆಡುತ್ತಿರಲಿಲ್ಲ. ಇಸ್ರೋದ ರಾಕೆಟ್ಟುಗಳಲ್ಲಿ ೨೦೦೯ರಿಂದ ದುಡಿದ ೧೬ ಬಿಟ್‌ನ 'ವಿಕ್ರಮ್ ೧೬೦೧'ರ ಬೆನ್ನಿಗೆ ೩೨ ಬಿಟ್‌ನ 'ವಿಕ್ರಮ್ ೩೨೦೧' ಬಂದಿದೆ. ೨೦೨೪ರ ಡಿಸೆಂಬರಿನ ಪಿಎಸ್‌ಎಲ್‌ವಿ-ಸಿ೬೦ ಉಡಾವಣೆಯಲ್ಲಿ ಅದರ ಪರೀಕ್ಷೆಯಾಯಿತು. ಹೊಸದೂ ಹೀಗೆ ಪರೀಕ್ಷೆಯ ಬಾಗಿಲಿನಿಂದಲೇ ಒಳಗೆ ಬರಬೇಕು.

ಹುಡುಗ ಕೊಂಚ ಹೊತ್ತು ಯೋಚಿಸಿ, "ಹಾಗಾದರೆ ಅದು ಹಳೆಯದಲ್ಲ, ಪಳಗಿದ್ದು" ಎಂದನು. ನಾವು ಇಷ್ಟು ಬರೆದು ಹೇಳಿದ್ದನ್ನು ಅವನು ಒಂದೇ ಮಾತಿನಲ್ಲಿ ಮುಗಿಸಿದ್ದನು.