ಯಾರೂ ಇಲ್ಲದ ಮನೆಯ ಮೇಜು

1930ರ ಜುಲೈ 14ರಂದು ಕವಿ ರವೀಂದ್ರನಾಥ ಠಾಕೂರರು ಜರ್ಮನಿಯ ಕಾಪುಟ್ ಗ್ರಾಮಕ್ಕೆ ಹೋದರು. ಬರ್ಲಿನ್ ನಗರಕ್ಕೆ ಸಮೀಪದ ಆ ಹಳ್ಳಿಯಲ್ಲಿ ಆಲ್ಬರ್ಟ್ ಐನ್‌ಸ್ಟೈನರು ಬೇಸಗೆಯನ್ನು ಕಳೆಯಲು ಕಟ್ಟಿಸಿಕೊಂಡಿದ್ದ ಮರದ ಮನೆಯಿತ್ತು. ಕವಿಗೆ ಆಗ 69 ವರ್ಷ, ವಿಜ್ಞಾನಿಗೆ 51. ಇಬ್ಬರೂ ನೊಬೆಲ್ ಪಾರಿತೋಷಕ ಪಡೆದವರು. ಉಪಚಾರದ ಮಾತಿನಲ್ಲಿಯೇ ಹೊತ್ತು ಕಳೆದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಸಂಭಾಷಣೆ ಒಂದು ಮೇಜಿನ ಸುತ್ತ ಬಿರುಸಾಯಿತು.

ಮನೆಯಲ್ಲಿ ಯಾರೂ ಇಲ್ಲದಿರುವಾಗಲೂ ಮೇಜು ತಾನಿದ್ದಲ್ಲಿಯೇ ಇರುತ್ತದೆ ಎಂಬುದು ಐನ್‌ಸ್ಟೈನರ ವಾದ. ಗೃಹಿಣಿಯರಿಗೆ ಇದರಲ್ಲಿ ಸಂಶಯವೇ ಇರಲಾರದು. ತವರಿನಲ್ಲಿ ಹದಿನೈದು ದಿನವಿದ್ದು ಬಂದವಳಿಗೆ ಮೇಜಿನ ಮೇಲೆ ಕಾಣುವ ಧೂಳೇ ಸಾಕ್ಷಿ. ಠಾಕೂರರೂ ಅಷ್ಟನ್ನು ಒಪ್ಪಿದರು. ಮೇಜು ಒಬ್ಬ ವ್ಯಕ್ತಿಯ ಮನಸ್ಸಿನ ಹೊರಗೆ ಇದ್ದೀತು, ವಿಶ್ವಮಾನಸದ ಹೊರಗೆ ಇರದು ಎಂದರು. ಗಟ್ಟಿಯಾಗಿ ತೋರುವ ಆ ಮೇಜು ವಿಜ್ಞಾನದ ಪ್ರಕಾರವೇ ಚಲಿಸುವ ವಿದ್ಯುಚ್ಛಕ್ತಿಗಳ ಕೂಟವಲ್ಲವೆ? ಮೇಜೆಂಬ ತೋರಿಕೆ ಮನುಷ್ಯನ ಕಣ್ಣಿಗೆ ಸೇರಿದ್ದು.

ತಮ್ಮ ಮಾತಿಗೆ ಕವಿ ಕೊಟ್ಟ ದೃಷ್ಟಾಂತ ಸೊಗಸಾಗಿದೆ. ಪುಸ್ತಕದ ಹಾಳೆಯನ್ನು ತಿನ್ನುವ ಹುಳುವಿಗೆ ಸಾಹಿತ್ಯವೆಂಬುದೇ ಇಲ್ಲ. ಮನುಷ್ಯನಿಗಾದರೋ ಕಾಗದಕ್ಕಿಂತ ಸಾಹಿತ್ಯವೇ ದೊಡ್ಡದು. ಹಾಗೆಯೇ ಮಾನವಚಿತ್ತಕ್ಕೆ ಎಂದೆಂದೂ ನಿಲುಕದ ಸತ್ಯವೊಂದಿದ್ದರೆ, ಅದು ಮಾನವನ ಪಾಲಿಗೆ ಇಲ್ಲದ್ದೇ. ದೃಷ್ಟಾಂತವೇನೋ ಒಪ್ಪುವಂಥದು, ಆದರೆ ಅದರ ಒಂದು ತುದಿ ಕವಿಯ ಕಡೆಗೇ ತಿರುಗುತ್ತದೆ. ಹುಳುವಿನ ಮುಂದಿರುವುದೂ ಪಂಡಿತನ ಮುಂದಿರುವುದೂ ಒಂದೇ ಹಾಳೆ. ಸಾಹಿತ್ಯವನ್ನು ಅರಿಯದ ಆ ಹುಳು ತಿಂದುಹಾಕಿದ ಸಾಲನ್ನು ಪಂಡಿತನೂ ಓದಲಾರ!

ಸೌಂದರ್ಯವು ಮನುಷ್ಯನನ್ನು ಅವಲಂಬಿಸಿದೆಯೆಂಬುದನ್ನು ಐನ್‌ಸ್ಟೈನರು ಒಪ್ಪಿದರು. ಸತ್ಯದ ವಿಷಯದಲ್ಲಿ ಒಪ್ಪಲಿಲ್ಲ. ಪೈಥಾಗೊರಸನ ಪ್ರಮೇಯ ಮನುಷ್ಯರಿರಲಿ ಬಿಡಲಿ ಸತ್ಯವೇ ಎಂದರು. ಇದನ್ನು ಸಿದ್ಧಪಡಿಸಲು ತಮ್ಮಿಂದಾಗದು, ಇದು ತಮ್ಮ ಶ್ರದ್ಧೆ ಎಂದೂ ಒಪ್ಪಿಕೊಂಡರು. ಪ್ರಮಾಣವಿಲ್ಲದೆ ಮಾತನಾಡದ ವಿಜ್ಞಾನಿಯ ಬಾಯಲ್ಲಿ ಈ ಮಾತು ಬಂದದ್ದು ಗಮನಾರ್ಹ.

ಇದನ್ನು ಪೂರ್ವ ಪಶ್ಚಿಮಗಳ ವಾಗ್ವಾದವೆಂದು ಬಣ್ಣಿಸುವವರು ಶಂಕರಾಚಾರ್ಯರನ್ನು ಮರೆಯುತ್ತಾರೆ. ಹೊರಗಿನ ವಸ್ತು ಅರಿವಿಗಿಂತ ಬೇರೆಯಲ್ಲವೆಂದ ಬೌದ್ಧ ವಿಜ್ಞಾನವಾದಿಗಳನ್ನು ಬ್ರಹ್ಮಸೂತ್ರಭಾಷ್ಯದಲ್ಲಿ ಖಂಡಿಸಿದವರು ಅವರೇ. ಜಗತ್ತು ಪರಮಾರ್ಥದಲ್ಲಿ ಮಾಯೆಯೆಂದವರೂ ಕಂಬವನ್ನು ಕಂಬವೆಂದೇ ಕಾಣಬೇಕೆಂದರು. ಕಂಬವನ್ನು ಕಾಣುತ್ತ ಕಂಬವಿಲ್ಲವೆನ್ನುವವನು, ಉಂಡು ತೃಪ್ತಿಗೊಳ್ಳುತ್ತಲೇ ‘ಉಣ್ಣಲಿಲ್ಲ, ತೃಪ್ತಿಯೂ ಇಲ್ಲ’ ಎನ್ನುವವನಂತೆ ಎಂಬುದು ಅವರ ಪರಿಹಾಸ್ಯ.

ಭೌತಶಾಸ್ತ್ರವು ಐನ್‌ಸ್ಟೈನರಿಗೆ ಪೂರ್ಣ ಜಯವನ್ನೇನೂ ಕೊಡಲಿಲ್ಲ. ಕಣಗಳು ತಮ್ಮ ಗುಣಗಳನ್ನೆಲ್ಲ ಮೊದಲೇ ನಿಶ್ಚಿತವಾಗಿ ಹೊತ್ತು, ದೂರದ ಸೋಂಕಿಲ್ಲದೆ ಸಾಗುತ್ತವೆಂಬ ಸರಳ ಚಿತ್ರವನ್ನು ಒರೆಗೆ ಹಚ್ಚುವ ಬಗೆಯನ್ನು ಜಾನ್ ಬೆಲ್ 1964ರಲ್ಲಿ ತೋರಿಸಿದರು. ಪ್ರಯೋಗಗಳಲ್ಲಿ ಆ ಚಿತ್ರ ನಿಲ್ಲಲಿಲ್ಲ. ಆ ಕೆಲಸಕ್ಕೆ ಆಸ್ಪೆ, ಕ್ಲೌಸರ್, ಜೈಲಿಂಗರ್ 2022ರಲ್ಲಿ ನೊಬೆಲ್ ಪಡೆದರು. ಇದರಿಂದ ಜಗತ್ತು ನೋಡುವವನ ಸೃಷ್ಟಿಯೆಂದಾಯಿತೆ? ಇಲ್ಲ. ಕಣ ಬಂದುದನ್ನು ಉಪಕರಣ ದಾಖಲಿಸುತ್ತದೆ. ಪ್ರಯೋಗಕಾರ ಊಟಕ್ಕೆ ಹೋಗಿದ್ದರೂ ಎಣಿಕೆ ನಿಲ್ಲದು. ಅಳತೆ ಯಾವ ಕ್ಷಣದಲ್ಲಿ ಮುಗಿಯಿತೆನ್ನಬೇಕೆಂಬ ಬಗ್ಗೆ ಮಾತ್ರ ಭೌತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಯೂಜೀನ್ ವಿಗ್ನರ್ 1961ರಲ್ಲಿ ಅಲ್ಲಿ ಚೇತನಕ್ಕೊಂದು ಪೀಠ ಹಾಕಿದರು. ಮುಂದೆ ಆ ಪೀಠವನ್ನು ತೆಗೆದವರೂ ಅವರೇ.