ಕಡಲಾಚೆಯ ಕನ್ನಡ ಹೆಣ್ಣುಮಕ್ಕಳ ದೂರನ್ನು ಇಲ್ಲಿಯೇ ಸ್ವೀಕರಿಸಿ: ಮಹಿಳಾ ಆಯೋಗಕ್ಕೊಂದು ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಹಿಳಾ ಆಯೋಗ,
ಬೆಂಗಳೂರು.

ಇವರಿಂದ,
ವಿದೇಶಕ್ಕೆ ಮದುವೆಯಾಗಿ ಹೋಗಿ ಗಂಡನ ಮನೆಯಲ್ಲಿ ಹಿಂಸೆ ಅನುಭವಿಸಿದ ಹೆಣ್ಣುಮಕ್ಕಳು, ಅವರ ತಂದೆತಾಯಂದಿರು ಹಾಗೂ ಅವರ ಪರವಾಗಿ ಓಡಾಡುತ್ತಿರುವ ವಕೀಲರು.

ವಿಷಯ: ವಿದೇಶದಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದ ಕರ್ನಾಟಕದ ಮಹಿಳೆಯರು ಅಲ್ಲಿಂದಲೇ ರಾಜ್ಯದ ಪೊಲೀಸರಿಗೆ ಮತ್ತು ಸಂರಕ್ಷಣಾಧಿಕಾರಿಗಳಿಗೆ ದೂರು ನೀಡಲು ವ್ಯವಸ್ಥೆ ಕಲ್ಪಿಸುವ ಬಗ್ಗೆ.

ಮಾನ್ಯರೇ,

ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗನನ್ನು ಮದುವೆಯಾಗಿ ಅಮೆರಿಕಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಸಿಗುವುದು ಎಚ್-4 ವೀಸಾ. ಅದು ಗಂಡನ ಎಚ್-1ಬಿ ವೀಸಾಕ್ಕೆ ಅಂಟಿಕೊಂಡಿರುತ್ತದೆ. ಅವನ ಕೆಲಸ ಹೋದರೆ ಅವಳ ವೀಸಾವೂ ಹೋಗುತ್ತದೆ, ವಿಚ್ಛೇದನವಾದರೂ ಹೋಗುತ್ತದೆ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವವರೆಗೆ ಅವಳು ದುಡಿಯುವಂತಿಲ್ಲ. ಆ ಹಂತ ದಾಟಿದವರ ಹೆಂಡತಿಯರಿಗೆ ಕೆಲಸದ ಪರವಾನಗಿ ಸಿಗತೊಡಗಿದ್ದು 2015ರಲ್ಲಿ. ಅಲ್ಲಿಯವರೆಗೆ ಎಂಜಿನಿಯರಿಂಗ್ ಓದಿದ ಹುಡುಗಿ ಹತ್ತು ಡಾಲರಿಗೂ ಗಂಡನ ಕೈ ನೋಡುತ್ತಾ ಕೂರಬೇಕಾಗುತ್ತದೆ. ಮಂಗಳೂರು, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗುವ ಹೆಣ್ಣುಮಕ್ಕಳದ್ದೂ ಇದೇ ಕಥೆ. ಅಲ್ಲಿಯೂ ಸಾಮಾನ್ಯವಾಗಿ ಅವಳ ವಾಸದ ಪರವಾನಗಿಗೆ ಗಂಡನೇ ಪ್ರಾಯೋಜಕ.

ಅಮೆರಿಕದಲ್ಲಿ ಹೆಂಗಸರ ಮೇಲಿನ ಹಿಂಸೆಯನ್ನು ತಡೆಯಲು 1994ರಿಂದ ಒಂದು ಕಾನೂನಿದೆ. ಹೊಡೆಯುವ ಗಂಡ ಆ ದೇಶದ ಪ್ರಜೆಯೋ ಗ್ರೀನ್ ಕಾರ್ಡ್ ಪಡೆದವನೋ ಆಗಿದ್ದರೆ, ಹೆಂಡತಿ ಅವನಿಗೆ ತಿಳಿಸದೆ ತಾನೇ ಅರ್ಜಿ ಹಾಕಿ ವಾಸದ ಹಕ್ಕು ಕೇಳಬಹುದು. ಎಚ್-1ಬಿ ಗಂಡನ ಹೆಂಡತಿಗೆ ಈ ದಾರಿ ಇಲ್ಲ. ಹಿಂಸೆಗೊಳಗಾದ ಎಚ್-4 ಮಹಿಳೆಗೆ ಕೆಲಸದ ಪರವಾನಗಿ ಕೊಡಲು 2005ರ ತಿದ್ದುಪಡಿ ಅವಕಾಶ ಮಾಡಿತು, ಆದರೆ ಅದು ವಾಸದ ಹಕ್ಕನ್ನು ಕೊಡುವುದಿಲ್ಲ. ಅಪರಾಧಕ್ಕೆ ಬಲಿಯಾದವರಿಗೆಂದು ಯು-ವೀಸಾ ಇದೆ. ಅದಕ್ಕೆ ಪೊಲೀಸರ ಅಥವಾ ಅಂಥ ಪ್ರಾಧಿಕಾರದ ದೃಢೀಕರಣ ಬೇಕು, ವರ್ಷಕ್ಕೆ ಬಲಿಪಶುಗಳಿಗೆ ಕೊಡುವುದು 10,000 ಮಾತ್ರ, ಸರದಿ ವರ್ಷಗಟ್ಟಲೆ.

ಇದಕ್ಕಿಂತ ಕಷ್ಟದ ಗಂಟೊಂದಿದೆ. ಪ್ರಜೆಯಲ್ಲದವನು ಕೌಟುಂಬಿಕ ಹಿಂಸೆಯ ಅಪರಾಧದಲ್ಲಿ ಶಿಕ್ಷೆಗೊಳಗಾದರೆ ಅವನನ್ನು ದೇಶದಿಂದ ಹೊರಹಾಕಬಹುದು. ಹಾಗಾದಾಗ ಅವನ ಹಿಂದೆ ಅವಳ ವೀಸಾವೂ ಹೋಗುತ್ತದೆ, ಮಗುವಿನ ಶಾಲೆಯೂ ತಪ್ಪುತ್ತದೆ. ಊರಲ್ಲಿ ಸಾಲ ಮಾಡಿ ಮದುವೆ ಮಾಡಿದ ಅಪ್ಪನ ಮುಖ ಕಣ್ಣಮುಂದೆ ಬರುತ್ತದೆ. ಪೊಲೀಸರಿಗೆ ಫೋನ್ ಮಾಡುವ ಮುನ್ನ ಅವಳು ಇಷ್ಟನ್ನೂ ಲೆಕ್ಕ ಹಾಕಬೇಕು. "ಹೊಡೆದರೆ 911ಕ್ಕೆ ಫೋನ್ ಮಾಡಬಹುದಿತ್ತಲ್ಲ" ಎಂದು ಇಲ್ಲಿ ಕುಳಿತು ಹೇಳುವವರು ಈ ಲೆಕ್ಕವನ್ನು ದಯವಿಟ್ಟು ಗಮನಿಸಬೇಕು.

ಧೈರ್ಯ ಮಾಡಿ ಫೋನ್ ಮಾಡಿದವರಿಗೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಒಬ್ಬರ ಅನುಭವವನ್ನು ಇಲ್ಲಿ ದಾಖಲಿಸುತ್ತಿದ್ದೇವೆ. ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹೆಣ್ಣುಮಗಳು ಇವರು. ರಾತ್ರಿ ಪೊಲೀಸರು ಬಂದಾಗ ಗಂಡ ಅಂಗಿ ಬದಲಾಯಿಸಿಕೊಂಡು ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದ. ಹೆಂಡತಿಗೆ ತಲೆ ಸರಿ ಇಲ್ಲ, ಮಾತ್ರೆ ತಗೊಳ್ಳುತ್ತಿಲ್ಲ ಎಂದ. ಇವರು ಅಳುತ್ತಾ ನಿಂತಿದ್ದರು. ಪೊಲೀಸರು ಫೋನಿನಲ್ಲಿ ದುಭಾಷಿಯನ್ನು ಕರೆದರು. ಭಾರತದವಳಲ್ಲವೇ ಎಂದು ಹಿಂದಿಯವರನ್ನು ಕೊಟ್ಟರು. ಇವರಿಗೆ ಹಿಂದಿ ಸಿನಿಮಾದಲ್ಲಿ ಕೇಳಿದಷ್ಟೇ ಗೊತ್ತು. ಕುತ್ತಿಗೆ ಹಿಸುಕಿದ ಎಂಬುದನ್ನು ಹಿಂದಿಯಲ್ಲಿ ಹೇಗೆ ಹೇಳಬೇಕೆಂದು ತಿಳಿಯದೆ ಕೈಯನ್ನು ಕುತ್ತಿಗೆಗೆ ಒತ್ತಿ ತೋರಿಸಿದರು. ಸಾಯುತ್ತೇನೆ ಎಂದು ಬೆದರಿಸುತ್ತಿದ್ದಾಳೆ ಎಂದು ಗಂಡ ಅದಕ್ಕೆ ಅರ್ಥ ಹೇಳಿದ. ಅವತ್ತು ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿದ್ದು ಇವರು, ಮಗುವಿನ ಜೊತೆ ಮನೆಯಲ್ಲಿ ಉಳಿದಿದ್ದು ಅವನು.

ಊರಿಗೆ ಹೇಳಿಕೊಳ್ಳೋಣವೆಂದರೆ ಫೋನ್ ಗಂಡನ ಹೆಸರಿನಲ್ಲಿರುತ್ತದೆ. ವಿಡಿಯೊ ಕಾಲ್ ಮಾಡುವಾಗ ಅತ್ತೆಯೋ ಗಂಡನೋ ಪಕ್ಕದಲ್ಲೇ ಕೂತಿರುತ್ತಾರೆ. "ಚೆನ್ನಾಗಿದೀಯಾ ಮಗಳೇ?" ಎಂದರೆ "ಹೂಂ ಅಮ್ಮ, ಊಟ ಆಯ್ತು" ಎನ್ನುವುದಷ್ಟೇ ಅವಳಿಗೆ ಸಾಧ್ಯ. ನಿಜ ಗೊತ್ತಾದ ಮೇಲೂ ನಾವು ತಂದೆತಾಯಂದಿರು "ಸ್ವಲ್ಪ ಹೊಂದಿಕೊಂಡು ಹೋಗು, ತಂಗಿ ಮದುವೆ ಆಗಲಿ" ಎಂದದ್ದುಂಟು. ಇದನ್ನು ಮುಚ್ಚಿಡುವುದಿಲ್ಲ. ಹಾಗೆಂದ ಮನೆಗಳವರೇ ಇಂದು ಈ ಮನವಿಗೆ ಸಹಿ ಹಾಕಿದ್ದಾರೆ.

ಕೊನೆಗೆ ಅಪ್ಪ ಇಲ್ಲಿಯ ಠಾಣೆಗೆ ಹೋದರೆ ಸಿಗುವ ಉತ್ತರ ಒಂದೇ: "ಇದು ನಮ್ಮ ಹದ್ದಿಗೆ ಬರೋದಿಲ್ಲ, ಅಲ್ಲೇ ಕಂಪ್ಲೇಂಟ್ ಕೊಡೋಕೆ ಹೇಳಿ." ಈ ಉತ್ತರ ಕಾನೂನಿಗೆ ವಿರುದ್ಧವಾದದ್ದು. ಗಂಡನ ಮನೆಯಿಂದ ಹೊರಬಿದ್ದ ಹೆಂಡತಿ ಆಶ್ರಯ ಪಡೆದ ಊರಿನಲ್ಲೇ ಕ್ರೌರ್ಯದ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಭಾರತದ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧವನ್ನೂ ಇಲ್ಲಿ ವಿಚಾರಣೆ ಮಾಡಬಹುದು. ಅದಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು ನಿಜ. ಆದರೆ ನ್ಯಾಯಾಲಯ ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಳ್ಳುವ ಹಂತದವರೆಗೆ ಆ ಅನುಮತಿ ಬೇಕಿಲ್ಲವೆಂದು 2011ರಲ್ಲೇ ತೋಟ ವೆಂಕಟೇಶ್ವರಲು ಪ್ರಕರಣದಲ್ಲಿ ಇತ್ಯರ್ಥವಾಗಿದೆ. ಅಂದರೆ ಎಫ್‌ಐಆರ್ ಹಾಕಲು, ತನಿಖೆ ಆರಂಭಿಸಲು ದೆಹಲಿಯತ್ತ ನೋಡಬೇಕಾಗಿಲ್ಲ.

ಈ ಹಿನ್ನೆಲೆಯಲ್ಲಿ ನಮ್ಮ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ.

ಎಲ್ಲಕ್ಕಿಂತ ಮುಖ್ಯವಾದುದು ಸಹಿಯ ವಿಚಾರ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಗಾದರೂ ಇಮೇಲಿನಂಥ ವಿದ್ಯುನ್ಮಾನ ಮಾರ್ಗದಲ್ಲಿಯೂ ಕಳಿಸಬಹುದು. ಆದರೆ ಮೂರು ದಿನದೊಳಗೆ ದೂರುದಾರರು ಅದಕ್ಕೆ ಸಹಿ ಮಾಡಬೇಕು. ಡಲ್ಲಾಸಿನಲ್ಲಿ ಪಾಸ್‌ಪೋರ್ಟನ್ನು ಗಂಡ ಬೀಗ ಹಾಕಿಟ್ಟಿರುವ ಹೆಣ್ಣುಮಗಳು ಮೂರು ದಿನದಲ್ಲಿ ದಾವಣಗೆರೆಯ ಠಾಣೆಗೆ ಬಂದು ಸಹಿ ಮಾಡುವುದು ಹೇಗೆ? ಅನುಕೂಲಕ್ಕೆಂದು ತಂದ ಕಲಂ ಅವಳ ಪಾಲಿಗೆ ಅಡ್ಡಗೋಡೆಯಾಗಿದೆ. ವಿಡಿಯೊ ಕಾಲ್ ಮೂಲಕ ಗುರುತು ಖಚಿತಪಡಿಸಿಕೊಂಡು ಡಿಜಿಟಲ್ ಸಹಿಯನ್ನು, ಅಥವಾ ಹತ್ತಿರದ ಭಾರತೀಯ ರಾಯಭಾರ ಕಚೇರಿಯಲ್ಲಿ ಮಾಡಿದ ಸಹಿಯನ್ನು ಒಪ್ಪಿಕೊಳ್ಳುವಂತೆ ರಾಜ್ಯದ ಎಲ್ಲ ಠಾಣೆಗಳಿಗೆ ಗೃಹ ಇಲಾಖೆಯಿಂದ ಸುತ್ತೋಲೆ ಹೋಗಬೇಕು. "ಹದ್ದಿಗೆ ಬರೋದಿಲ್ಲ" ಎಂದು ದೂರುದಾರರನ್ನು ವಾಪಸು ಕಳಿಸುವ ಠಾಣಾಧಿಕಾರಿಯ ಮೇಲೆ ಏನು ಕ್ರಮವೆಂಬುದನ್ನೂ ಅದೇ ಸುತ್ತೋಲೆಯಲ್ಲಿ ಬರೆಯಬೇಕು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿಯಲ್ಲಿ ನೊಂದವಳ ಪರವಾಗಿ ಬೇರೆಯವರೂ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು, ನ್ಯಾಯಾಲಯಕ್ಕೆ ಅರ್ಜಿಯನ್ನೂ ಹಾಕಬಹುದು. ನಮ್ಮ ರಾಜ್ಯದಲ್ಲಿ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮೇಲಿದೆ. ಅಂಗನವಾಡಿಗಳ ಉಸ್ತುವಾರಿಯ ನಡುವೆ ಅವರಿಗೆ ಇದಕ್ಕೆ ಬಿಡುವಿರುವುದಿಲ್ಲ ಎಂಬುದು ನಮಗೆ ಅರ್ಥವಾಗುತ್ತದೆ. ಆದ್ದರಿಂದಲೇ ಜಿಲ್ಲೆಗೊಬ್ಬರಂತೆ ಪೂರ್ಣಾವಧಿ ಸಂರಕ್ಷಣಾಧಿಕಾರಿಯನ್ನು ನೇಮಿಸಬೇಕು, ವಿದೇಶದಲ್ಲಿರುವ ಮಗಳ ಪರವಾಗಿ ತಂದೆತಾಯಿ ತಂದ ಅರ್ಜಿಯನ್ನು ನಿರಾಕರಿಸಬಾರದೆಂದು ಲಿಖಿತ ಆದೇಶ ಹೊರಡಬೇಕು.

ಮಹಿಳಾ ಸಹಾಯವಾಣಿ 181 ದೇಶದೊಳಗಿನ ಕಿರುಸಂಖ್ಯೆ. ಹೊರದೇಶದಿಂದ ಕರೆ ಮಾಡಲು ಪೂರ್ತಿ ಹತ್ತು ಅಂಕಿಯ ಸಂಖ್ಯೆ ಬೇಕು, ಅದರಲ್ಲಿ ವಾಟ್ಸ್‌ಆ್ಯಪ್ ಇರಬೇಕು, ಇಲ್ಲಿಯ ನಡುರಾತ್ರಿಯಲ್ಲೂ ಎತ್ತುವವರಿರಬೇಕು, ಏಕೆಂದರೆ ಅಮೆರಿಕದಲ್ಲಿ ಗಂಡ ಆಫೀಸಿಗೆ ಹೋಗಿರುವ ಹೊತ್ತು ಅದೇ. ಅಲ್ಲಿಯ ಪೊಲೀಸರು, ಆಸ್ಪತ್ರೆ, ನ್ಯಾಯಾಲಯ ಕೇಳಿದಾಗ ಕನ್ನಡ, ತುಳು, ಕೊಂಕಣಿ, ಬ್ಯಾರಿ ಬಲ್ಲ ದುಭಾಷಿಗಳನ್ನು ಒದಗಿಸಲು ರಾಜ್ಯ ಸರ್ಕಾರದ ಅನಿವಾಸಿ ಭಾರತೀಯ ಸಮಿತಿಯ ಮೂಲಕ ಪಟ್ಟಿಯೊಂದನ್ನು ಸಿದ್ಧಪಡಿಸಬೇಕು. ಅಲ್ಲಿಯ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಕ್ಕೆ ಸೇರುವವರ ಕೈಗೆ ಈ ಸಹಾಯವಾಣಿ ಸಂಖ್ಯೆಯಿರುವ ಚೀಟಿಯನ್ನು ಕೊಡುವಂತೆ ಸಮಿತಿ ಕೇಳಿಕೊಳ್ಳಬೇಕು. ನ್ಯೂಜೆರ್ಸಿಯಲ್ಲಿ 1985ರಿಂದ ಇರುವ ಮಾನವಿ, ಕ್ಯಾಲಿಫೋರ್ನಿಯಾದಲ್ಲಿ 1991ರಿಂದ ಇರುವ ಮೈತ್ರಿಯಂಥ ದಕ್ಷಿಣ ಏಷ್ಯಾದ ಹೆಂಗಸರ ಸಂಸ್ಥೆಗಳ ವಿವರವೂ ಆ ಚೀಟಿಯಲ್ಲಿರಲಿ.

ಮಕ್ಕಳ ವಿಷಯದಲ್ಲಿ ಆಯೋಗ ಕೇಂದ್ರಕ್ಕೆ ಬರೆಯಲೇಬೇಕು. ಮಗುವಿನ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ತಂದೆತಾಯಿ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಹೊಡೆಯುವ ಗಂಡ ಸಹಿ ಮಾಡುವುದಿಲ್ಲ. ಅವನ ಒಪ್ಪಿಗೆಯಿಲ್ಲದೆ ಮಗುವನ್ನು ಕರೆತಂದ ತಾಯಿಗೆ ಅಲ್ಲಿಯ ನ್ಯಾಯಾಲಯ ಅಪಹರಣದ ಪಟ್ಟ ಕಟ್ಟಬಹುದು. ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಮುಂದೆ ಸೇರುವ ಮಾತು ಬಂದರೆ, ಹಿಂಸೆಯಿಂದ ತಪ್ಪಿಸಿಕೊಂಡು ಬಂದ ತಾಯಿಗೆ ಸ್ಪಷ್ಟ ರಕ್ಷಣೆಯಿಲ್ಲದೆ ಸೇರಬಾರದೆಂಬುದು ನಮ್ಮ ದೃಢವಾದ ನಿಲುವು.

ಅನಿವಾಸಿಗಳ ಮದುವೆಯನ್ನು 30 ದಿನದೊಳಗೆ ನೋಂದಾಯಿಸಬೇಕೆನ್ನುವ ಮಸೂದೆ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಕಾನೂನು ಆಯೋಗವೂ 2024ರಲ್ಲಿ ತನ್ನ 287ನೇ ವರದಿಯಲ್ಲಿ ಸಮಗ್ರ ಕಾನೂನಿಗೆ ಶಿಫಾರಸು ಮಾಡಿದೆ. ಕೇಂದ್ರದ ಕಾನೂನಿಗಾಗಿ ಕಾಯದೆ, ನಮ್ಮದೇ 1976ರ ವಿವಾಹ ನೋಂದಣಿ ಕಾಯ್ದೆಯ ನಮೂನೆಯಲ್ಲಿ ವರನ ಪಾಸ್‌ಪೋರ್ಟ್ ಸಂಖ್ಯೆ, ವಿದೇಶದ ವಿಳಾಸ, ಉದ್ಯೋಗದಾತರ ಹೆಸರು, ವೀಸಾದ ಬಗೆ ಇಷ್ಟನ್ನು ಸೇರಿಸಲು ರಾಜ್ಯ ಸರ್ಕಾರಕ್ಕೆ ಸೂಚಿಸಬೇಕು. ಸಮನ್ಸ್ ಕಳಿಸಲು ವಿಳಾಸವೇ ಇಲ್ಲದೆ ನಿಂತುಹೋದ ಪ್ರಕರಣಗಳು ನಮ್ಮ ಕೈಯಲ್ಲಿವೆ. ಸಮನ್ಸಿಗೆ ಹಾಜರಾಗದವನ ಪಾಸ್‌ಪೋರ್ಟನ್ನು 1967ರ ಪಾಸ್‌ಪೋರ್ಟ್ ಕಾಯ್ದೆಯ ಕಲಂ 10ರ ಅಡಿ ತಡೆಹಿಡಿಸಲು ಬರೆಯುವುದು ಪೊಲೀಸರ ಕರ್ತವ್ಯವಾಗಬೇಕು, ವಕೀಲರು ಗೋಗರೆದು ಮಾಡಿಸಿಕೊಳ್ಳುವ ಉಪಕಾರವಾಗಬಾರದು.

ಅನಿವಾಸಿ ಮದುವೆಗಳ ದೂರುಗಳಿಗಾಗಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಪ್ರತ್ಯೇಕ ಘಟಕವಿದೆ. ಅಂಥದೊಂದು ಘಟಕವನ್ನು, ಕನ್ನಡದಲ್ಲಿ ದೂರು ಸ್ವೀಕರಿಸುವ ಸಿಬ್ಬಂದಿಯೊಂದಿಗೆ, ತಮ್ಮ ಆಯೋಗದಲ್ಲಿಯೂ ತೆರೆಯಬೇಕು.

ಈ ಮನವಿಯನ್ನು ಆಯೋಗದ ಮುಂದಿನ ಸಭೆಯಲ್ಲಿಯೇ ಚರ್ಚೆಗೆ ತೆಗೆದುಕೊಂಡು, ಗೃಹ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳ ಅಧಿಕಾರಿಗಳ ಸಮ್ಮುಖದಲ್ಲಿ ನಮ್ಮ ಪ್ರತಿನಿಧಿಗಳ ಮಾತನ್ನು ಕೇಳಬೇಕೆಂದು ವಿನಂತಿಸುತ್ತೇವೆ. ಇನ್ನೂ ಅಲ್ಲಿಯೇ ಸಿಕ್ಕಿಕೊಂಡಿರುವ ಹೆಣ್ಣುಮಕ್ಕಳ ಹೆಸರನ್ನು ಅವರ ಸುರಕ್ಷತೆಯ ದೃಷ್ಟಿಯಿಂದ ಇಲ್ಲಿ ಬರೆದಿಲ್ಲ. ಗೋಪ್ಯವಾಗಿಡುವ ಭರವಸೆ ಕೊಟ್ಟರೆ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸುತ್ತೇವೆ.



ತಮ್ಮ ವಿಶ್ವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಅಪರ ಮುಖ್ಯ ಕಾರ್ಯದರ್ಶಿಗಳು, ಗೃಹ ಇಲಾಖೆ; ಅನಿವಾಸಿ ಭಾರತೀಯ ಸಮಿತಿ, ಕರ್ನಾಟಕ ಸರ್ಕಾರ – ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ.